ಬೀ ಬಾಮ್‌ಗಳಲ್ಲಿ ಯಾವುದು ನಿಮ್ಮ ಮಣ್ಣಿಗೆ, ಯಾವುದು ಜೇನ್ನೊಣಕ್ಕೆ?

ಉತ್ತರ ಅಮೆರಿಕದಲ್ಲಿ ಜೇನ್ನೊಣಗಳಿಗಾಗಿ ಹುಲ್ಲುಗಾವಲಿನ ಹೂವು ಬೆಳೆಸಬೇಕು ಅಂತ ಹೊರಟವರಿಗೆ ಮೊದಲು ಕಿವಿಗೆ ಬೀಳುವ ಹೆಸರುಗಳಲ್ಲಿ ಬೀ ಬಾಮ್ ಒಂದು. ತೊಂದರೆ ಏನೆಂದರೆ, ಆ ಹೆಸರಿನಲ್ಲಿರುವುದು ಒಂದೇ ಗಿಡವಲ್ಲ. ಮೊನಾರ್ಡಾ ಅನ್ನೋ ಕುಲದ ಹಲವು ಗಿಡಗಳು ನರ್ಸರಿಯಲ್ಲಿ ಇದೇ ಚೀಟಿ ಹೊತ್ತು ನಿಂತಿರುತ್ತವೆ. ಒಂದಕ್ಕೆ ತೊರೆಯ ದಂಡೆಯಷ್ಟು ತೇವ ಬೇಕು. ಇನ್ನೊಂದು ಬರೀ ಮರಳಿನಲ್ಲಿ ನಳನಳಿಸುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಒಂದು ಎದೆಮಟ್ಟ ಬೆಳೆದರೆ ಇನ್ನೊಂದು ಮೊಣಕಾಲು ದಾಟುವುದಿಲ್ಲ. ಎಲ್ಲವೂ ಈ ಖಂಡದ ಗಿಡಗಳೇ, ಎಲ್ಲವೂ ಚೆಂದವೇ. ಆದರೆ ಚೀಟಿಯ ಮೇಲಿನ ಫೋಟೋ ನೋಡಿ ಆರಿಸಿದರೆ ಗಿಡಕ್ಕೂ ಕಷ್ಟ, ಅದನ್ನು ಹುಡುಕಿ ಬರುವ ನೊಣಕ್ಕೂ ನಷ್ಟ.

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ಬೀಳುವ ಸಾಮಾನ್ಯ ಮಣ್ಣಿಗೆ ಮೊನಾರ್ಡಾ ಫಿಸ್ಟುಲೋಸಾ. ಮರಳು ಮಣ್ಣಿಗೆ ಮೊನಾರ್ಡಾ ಪಂಕ್ಟಾಟಾ. ಅರೆ ನೆರಳಿಗೆ ಬ್ರಾಡ್ಬರಿಯಾನಾ. ಕೆಂಪು ಹೂವಿನ ಡಿಡಿಮಾ ಬೇಕೆಂದರೆ ಖಂಡಿತ ನೆಡಿ, ಆದರೆ ಅದನ್ನು ಮಕರಂದ ಹೀರುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್‌ಗೆ ಅಂತ ನೆಡಿ. ಯಾಕೆ ಹೀಗೆ ಅನ್ನೋದು ಹೂವಿನ ಕೊಳವೆಯ ಉದ್ದದಲ್ಲಿದೆ.

ಕೊಳವೆ ಮತ್ತು ನಾಲಿಗೆ

ಮೊನಾರ್ಡಾ ನಮ್ಮ ತುಳಸಿ, ಪುದೀನ, ತುಂಬೆ, ದೊಡ್ಡಪತ್ರೆಗಳ ಕುಟುಂಬದ ಗಿಡ. ಕಾಂಡ ಹಿಡಿದು ಬೆರಳಲ್ಲಿ ತಿರುಗಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತವೆ. ಎಲೆಗಳು ಎದುರು ಬದುರಾಗಿ ಜೋಡಿಯಾಗಿರುತ್ತವೆ. ನಾವು ಒಂದು ಹೂವು ಅಂದುಕೊಳ್ಳುವುದು ನಿಜಕ್ಕೂ ಹತ್ತಾರು ಪುಟ್ಟ ಹೂಗಳ ಗೊಂಚಲು. ಪ್ರತಿ ಪುಟ್ಟ ಹೂವೂ ಒಂದು ತೆಳ್ಳನೆಯ ಕೊಳವೆ. ಕೊಳವೆಯ ತುದಿಯಲ್ಲಿ ಎರಡು ತುಟಿ. ಕೆಳತುಟಿ ನೊಣ ಇಳಿಯುವುದಕ್ಕೆ, ಮೇಲ್ತುಟಿಯ ಕಡೆಯಿಂದ ಚಾಚಿಕೊಂಡ ಕೇಸರಗಳಲ್ಲಿ ಪರಾಗ. ಮಕರಂದ ಇರುವುದು ಮಾತ್ರ ಕೊಳವೆಯ ತಳದಲ್ಲಿ.

ಹಾಗಾಗಿ ಯಾರು ಕುಡಿಯಬಹುದು ಅನ್ನೋದನ್ನು ನಾಲಿಗೆಯ ಉದ್ದವೇ ತೀರ್ಮಾನಿಸುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನ್ನೊಣದ ನಾಲಿಗೆ 6ರಿಂದ 7 ಮಿಲಿಮೀಟರ್ ಅಷ್ಟೇ. ಫಿಸ್ಟುಲೋಸಾದ ಕೊಳವೆ ಸುಮಾರು ಒಂದು ಅಂಗುಲ. ಡಿಡಿಮಾದ್ದು ಇನ್ನೂ ಉದ್ದ, ಒಂದೂವರೆ ಅಂಗುಲದ ಹತ್ತಿರ. ಪಂಕ್ಟಾಟಾದ್ದು ಇವೆರಡಕ್ಕಿಂತ ಗಿಡ್ಡ. ಕೊಳವೆ ತುಂಬಾ ಮಕರಂದ ಏರಿ ನಿಂತಿದ್ದರೆ ಗಿಡ್ಡ ನಾಲಿಗೆಗೂ ಸ್ವಲ್ಪ ಸಿಕ್ಕೀತು. ಇಲ್ಲದಿದ್ದರೆ ಉದ್ದ ನಾಲಿಗೆಯ ಬಂಬಲ್‌ಬೀಗಳು (ಮೈತುಂಬ ರೋಮವಿರುವ ದಪ್ಪ ಜೇನ್ನೊಣಗಳು), ಹಗಲಲ್ಲೇ ಹಾರುವ ಹಾಕ್‌ಮಾತ್ ಪತಂಗಗಳು, ಚಿಟ್ಟೆಗಳು, ಹಮ್ಮಿಂಗ್‌ಬರ್ಡ್‌ಗಳು ಇವರಿಗೇ ಅದು ಮೀಸಲು.

ಇಲ್ಲೊಂದು ಮಾತು ಹೇಳಲೇಬೇಕು. ಜೇನ್ನೊಣ ಅಂದರೆ ನಮಗೆ ಕಣ್ಣಿಗೆ ಬರುವುದು ಜೇನುಗೂಡು. ಪೆಟ್ಟಿಗೆಯ ಜೇನ್ನೊಣ ಈ ಖಂಡದ್ದಲ್ಲ, 1622ರಲ್ಲಿ ಯುರೋಪಿನಿಂದ ವರ್ಜೀನಿಯಾಕ್ಕೆ ಹಡಗಿನಲ್ಲಿ ಬಂದದ್ದು. ಇಲ್ಲಿಯದೇ ಆದ ಜೇನ್ನೊಣ ಜಾತಿಗಳು ಸುಮಾರು 4,000 ಇವೆ. ಅವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ. ನೆಲದಲ್ಲಿ ತೂತು ಕೊರೆದೋ, ಒಣಗಿದ ಕಾಂಡದೊಳಗೋ ಮೊಟ್ಟೆ ಇಡುತ್ತವೆ. ಜೇನೂ ಮಾಡುವುದಿಲ್ಲ, ಸುಮ್ನೆ ನಮ್ಮ ತಂಟೆಗೂ ಬರುವುದಿಲ್ಲ. ಸ್ಥಳೀಯ ಹೂವು ನೆಡುವುದು ಮುಖ್ಯವಾಗಿ ಇವುಗಳಿಗಾಗಿ.

ಫಿಸ್ಟುಲೋಸಾ: ಒಂದೇ ಗಿಡ ಅಂದರೆ ಇದು

ನೇರಳೆ ಬೆರೆತ ತಿಳಿ ಗುಲಾಬಿ ಬಣ್ಣ. ಎರಡರಿಂದ ಐದು ಅಡಿ ಎತ್ತರ. ಜುಲೈ, ಆಗಸ್ಟ್ ತಿಂಗಳಲ್ಲಿ ಹೂವು. ಕೆನಡಾದಿಂದ ಮೆಕ್ಸಿಕೋದವರೆಗೆ ಪ್ರೇರಿ ಹುಲ್ಲುಗಾವಲು, ರಸ್ತೆಬದಿ, ಕಾಡಂಚು ಎಲ್ಲ ಕಡೆ ಸಿಗುವ ಗಿಡ ಇದು. ಅಮೆರಿಕದ ಕೃಷಿ ಇಲಾಖೆ (ಯುಎಸ್‌ಡಿಎ) ಚಳಿಯ ತೀವ್ರತೆ ನೋಡಿ ಗುರುತಿಸಿದ ವಲಯಗಳಲ್ಲಿ 3ರಿಂದ 9ರವರೆಗೆ ಬೆಳೆಯುತ್ತದೆ. ಅಂದರೆ ಮಿನೆಸೋಟದ ಚಳಿಯನ್ನೂ ತಡೆದುಕೊಳ್ಳುತ್ತದೆ. ಜೇಡಿಮಣ್ಣಾದರೂ ಸರಿ, ಕಲ್ಲು ಮಣ್ಣಾದರೂ ಸರಿ, ನೀರು ಬಸಿದುಹೋದರೆ ಸಾಕು. ಜಿಂಕೆಗಳು ಎಲೆಯ ಘಾಟಿಗೆ ಸಾಮಾನ್ಯವಾಗಿ ದೂರವೇ ಇರುತ್ತವೆ.

ಹೂಬಿಟ್ಟಾಗ ಗಿಡದ ಹತ್ತಿರ ಒಂದು ಹತ್ತು ನಿಮಿಷ ನಿಂತು ನೋಡಿ. ಗೊಂಚಲು ನಡುವಿನಿಂದ ಅರಳಲು ಶುರುವಾಗಿ ಹೊರಕ್ಕೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ನಡು ಬೋಳಾಗಿ ಸುತ್ತ ಒಂದು ಬಳೆಯಷ್ಟು ಹೂ ಉಳಿದಿರುತ್ತದೆ. ಬಂಬಲ್‌ಬೀ ಆ ಬಳೆಯ ಮೇಲೆ ಸುತ್ತು ಹಾಕುತ್ತಾ ಒಂದೊಂದೇ ಕೊಳವೆಗೆ ತಲೆ ತೂರಿಸುತ್ತದೆ. ಒಂದನ್ನೂ ಬಿಡುವುದಿಲ್ಲ. ಅದರ ಭಾರಕ್ಕೆ ಗೊಂಚಲು ಸ್ವಲ್ಪ ವಾಲುತ್ತದೆ, ಅದು ಹಾರಿದ ತಕ್ಷಣ ನೆಟ್ಟಗಾಗುತ್ತದೆ. ಈಗ ಕಣ್ಣನ್ನು ಕೊಳವೆಯ ಬುಡಕ್ಕೆ ತನ್ನಿ. ಕೆಲವು ಹೂಗಳಲ್ಲಿ ಅಲ್ಲೊಂದು ಸಣ್ಣ ಸೀಳು ಕಾಣುತ್ತದೆ. ಅದು ಕೆಲವು ಕಣಜಗಳ ಕೆಲಸ. ಬಾಗಿಲಿಂದ ಒಳಗೆ ಹೋಗಲಾರದವು ಹೊರಗಿನಿಂದ ಕೊಳವೆಯನ್ನೇ ಕಚ್ಚಿ ಮಕರಂದ ಹೀರುತ್ತವೆ. ಆಮೇಲೆ ಬರುವ ಗಿಡ್ಡ ನಾಲಿಗೆಯ ನೊಣಗಳಿಗೂ, ಪೆಟ್ಟಿಗೆ ಜೇನ್ನೊಣಕ್ಕೂ ಅದೇ ಸೀಳು ದಾರಿಯಾಗುತ್ತದೆ. ಹೀಗೆ ಬಂದವು ಪರಾಗ ಮುಟ್ಟುವುದಿಲ್ಲ, ಗಿಡಕ್ಕೆ ಅದರಿಂದ ಲಾಭವಿಲ್ಲ. ಆದರೆ ಒಂದೇ ಹೂವು ಎಷ್ಟು ಜನಕ್ಕೆ ಊಟ ಹಾಕುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಮೊನಾರ್ಡಾವನ್ನೇ ನಂಬಿ ಬದುಕುವ ಪುಟ್ಟ ಕಪ್ಪು ಜೇನ್ನೊಣವೂ ಒಂದಿದೆ. ಹೆಸರು ಡುಫೋರಿಯಾ ಮೊನಾರ್ಡೆ. ತನ್ನ ಮರಿಗಳಿಗೆ ಅದು ಈ ಕುಲದ ಹೂಗಳ ಪರಾಗವನ್ನೇ ಒಯ್ಯುತ್ತದೆ. ಮೊನಾರ್ಡಾ ಇಲ್ಲದ ಊರಿನಲ್ಲಿ ಅದೂ ಇಲ್ಲ. ಇನ್ನು ಬೆನ್ನ ಮೇಲೆ ತುಕ್ಕು ಬಣ್ಣದ ಮಚ್ಚೆ ಇರುವ ಬಂಬಲ್‌ಬೀ, ಬಾಂಬಸ್ ಅಫಿನಿಸ್. 2017ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹವಾಯಿ ಬಿಟ್ಟು ಮುಖ್ಯ ಭೂಭಾಗದಲ್ಲಿ ಆ ಪಟ್ಟಿ ಸೇರಿದ ಮೊದಲ ಜೇನ್ನೊಣ ಅದು. ಅದು ಹೆಚ್ಚಾಗಿ ಕಾಣಸಿಗುವ ಹೂಗಳಲ್ಲಿ ಫಿಸ್ಟುಲೋಸಾ ಮುಂಚೂಣಿಯಲ್ಲಿದೆ. ಮಿನೆಸೋಟ, ವಿಸ್ಕಾನ್ಸಿನ್, ಇಲಿನಾಯ್ ಕಡೆ ಇರುವವರಿಗೆ ಈ ಗಿಡ ನೆಡಲು ಇದೊಂದೇ ಕಾರಣ ಸಾಕು.

ಕೊರತೆ ಇಲ್ಲವೇ ಅಂದರೆ, ಇದೆ. ನೆಲದೊಳಗೇ ಕಾಂಡ ಹರಡಿ ಅಕ್ಕಪಕ್ಕ ಹಬ್ಬುತ್ತದೆ. ಬೀಜವೂ ಉದುರಿ ಹುಟ್ಟುತ್ತದೆ. ಚಿಕ್ಕ ಪಾತಿಯಲ್ಲಿ ನಾಜೂಕಿನ ಗಿಡಗಳ ಪಕ್ಕ ಇಟ್ಟರೆ ಅವನ್ನು ಮುಚ್ಚಿಬಿಡುತ್ತದೆ. ಗೊಬ್ಬರ ಹಾಕಿದರಂತೂ ಸೊಕ್ಕಿ ಬೆಳೆದು ಮಳೆಗೆ ಅಡ್ಡ ಬೀಳುತ್ತದೆ. ಹಾಗಾಗಿ ಗೊಬ್ಬರ ಬೇಡವೇ ಬೇಡ. ಎತ್ತರ ಜಾಸ್ತಿ ಅನಿಸಿದರೆ ಮೇ ಕೊನೆಯ ಹೊತ್ತಿಗೆ ಕಾಂಡಗಳನ್ನು ಅರ್ಧಕ್ಕೆ ಕತ್ತರಿಸಿ. ಗಿಡ ಕವಲೊಡೆದು ಗಿಡ್ಡವಾಗಿ, ಒತ್ತಾಗಿ ಬರುತ್ತದೆ. ಹೂವು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಡಿಡಿಮಾ: ಕಣ್ಣು ಸೆಳೆಯುವುದು ಇದೇ, ಆದರೆ

ಕಡುಗೆಂಪು. ನರ್ಸರಿಯಲ್ಲಿ ಎಲ್ಲರ ಕೈಯೂ ಮೊದಲು ಇದರ ಕಡೆಗೇ ಹೋಗುತ್ತದೆ. ಇದರ ಚರಿತ್ರೆಯೂ ದೊಡ್ಡದು. ನ್ಯೂಯಾರ್ಕ್‌ನ ಆಸ್ವೀಗೊ ಕಡೆಯಲ್ಲಿ ಎಲೆಯಿಂದ ಚಹಾ ಮಾಡುತ್ತಿದ್ದರು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಮೇಲೆ, ಬ್ರಿಟಿಷರ ಚಹಾ ಬೇಡ ಅಂದವರು ಕುಡಿದ ಬದಲಿ ಚಹಾಗಳಲ್ಲಿ ಇದೂ ಸೇರಿತ್ತು.

ಆದರೆ ಜೇನ್ನೊಣದ ಲೆಕ್ಕದಲ್ಲಿ ಇದು ಫಿಸ್ಟುಲೋಸಾಕ್ಕಿಂತ ಹಿಂದೆ. ಮೊದಲನೆಯದು ಬಣ್ಣ. ಜೇನ್ನೊಣಗಳ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ, ನೀಲಿ, ನೇರಳೆ, ಹಳದಿ ಚೆನ್ನಾಗಿ ಕಾಣುತ್ತವೆ. ಎರಡನೆಯದು ಕೊಳವೆಯ ಉದ್ದ. ಉದ್ದ ನಾಲಿಗೆಯ ಬಂಬಲ್‌ಬೀಗಳು ಇದಕ್ಕೂ ಬರುತ್ತವೆ, ಬರುವುದೇ ಇಲ್ಲ ಅಂತಲ್ಲ. ಆದರೂ ಈ ಹೂವು ಹೊಂದಿಕೊಂಡಿರುವುದು ಹಮ್ಮಿಂಗ್‌ಬರ್ಡ್‌ನ ಕೊಕ್ಕಿಗೆ.

ಇನ್ನೊಂದು ತೊಡಕು ನೀರು. ಇದು ಅಪಲಾಚಿಯನ್ ಬೆಟ್ಟಸಾಲಿನ ತೊರೆದಂಡೆಗಳ, ತೇವದ ಕಾಡುಗಳ ಗಿಡ. ನಿಜ ಹೇಳಬೇಕೆಂದರೆ ಇದು ಹುಲ್ಲುಗಾವಲಿನ ಹೂವೇ ಅಲ್ಲ. ಬಿರುಬಿಸಿಲಿನ ಒಣ ಜಾಗದಲ್ಲಿ ಜುಲೈ ಬರುವಷ್ಟರಲ್ಲಿ ಕೆಳಗಿನ ಎಲೆಗಳೆಲ್ಲ ಬೆಳ್ಳಗಾಗಿ ಉದುರುತ್ತವೆ. ಛಾವಣಿಯ ನೀರು ಇಳಿಯುವ ಕಡೆ ತಗ್ಗು ಜಾಗವಿದ್ದು, ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಸಿಗುತ್ತದೆ ಅಂದರೆ ಡಿಡಿಮಾಕ್ಕೆ ಅದಕ್ಕಿಂತ ಒಳ್ಳೆ ತಾಣ ಇಲ್ಲ.

ಪಂಕ್ಟಾಟಾ: ಕಡಿಮೆ ಜನಕ್ಕೆ ಗೊತ್ತಿರುವ ಚೆಲುವು

ನನಗೆ ಎಲ್ಲಕ್ಕಿಂತ ಪ್ರೀತಿ ಇದರ ಮೇಲೆ. ಹೂವು ದೂರದಿಂದ ಹೂವಿನಂತೆ ಕಾಣುವುದೇ ಇಲ್ಲ. ಒಂದೇ ಕಾಂಡದಲ್ಲಿ ಅಂತಸ್ತು ಅಂತಸ್ತಾಗಿ ಗೊಂಚಲು. ಪ್ರತಿ ಅಂತಸ್ತಿನ ಕೆಳಗೆ ತಿಳಿ ಗುಲಾಬಿ ಬಣ್ಣದ ಎಲೆಗಳ ಅಂಚು. ಅವುಗಳ ಮೇಲೆ ತಿಳಿಹಳದಿ ಪುಟ್ಟ ಹೂಗಳು. ಹತ್ತಿರ ಹೋದರೆ ಆ ಹಳದಿಯ ಮೇಲೆ ನೇರಳೆ ಚುಕ್ಕಿಗಳು ಕಾಣುತ್ತವೆ. ಹೂವು ಉದುರಿದ ಮೇಲೂ ಗುಲಾಬಿ ಎಲೆಗಳು ಬಹಳ ದಿನ ನಿಲ್ಲುತ್ತವೆ. ಎಲೆ ತಿಕ್ಕಿ ಮೂಸಿ, ಓಮದ ಕಾಳು ಉಜ್ಜಿದ ಹಾಗಿರುತ್ತದೆ. ಎರಡರಲ್ಲೂ ಇರುವುದು ಥೈಮಾಲ್ ಅನ್ನೋ ಒಂದೇ ವಸ್ತು.

ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೂವು. ಅಂದರೆ ಫಿಸ್ಟುಲೋಸಾ ಮುಗಿಯುತ್ತಾ ಬರುವಾಗ ಇದು ಭರದಲ್ಲಿರುತ್ತದೆ. ಕೊಳವೆ ಗಿಡ್ಡವಾದ್ದರಿಂದ ಇದಕ್ಕೆ ಬರುವವರ ಬಗೆಯೂ ಜಾಸ್ತಿ. ನೊಣ ತಲೆ ತೂರಿಸಿದಾಗ ಮೇಲೆ ಬಾಗಿದ ಕೇಸರಗಳು ಅದರ ಬೆನ್ನಿಗೆ ಪರಾಗ ಸವರುತ್ತವೆ. ಹೂವಿನಿಂದ ಹೊರಬಂದ ನೊಣದ ಬೆನ್ನು ಹಳದಿ ಪುಡಿ ಬಳಿದಂತೆ ಕಾಣುತ್ತದೆ. ಜೇನ್ನೊಣಗಳ ಜೊತೆ ದೊಡ್ಡ ದೊಡ್ಡ ಕಣಜಗಳೂ ಬರುತ್ತವೆ. ನೀಲಿಗಪ್ಪು ಬಣ್ಣದವು, ಕಿತ್ತಳೆ ಹೊಟ್ಟೆಯವು. ಮಕ್ಕಳಿರುವ ಮನೆಯವರು ಇದನ್ನು ನೋಡಿ ಹೆದರುತ್ತಾರೆ. ಇವು ಒಂಟಿ ಕಣಜಗಳು, ಗುಂಪಾಗಿ ಕಾಯುವ ಗೂಡಿಲ್ಲದವು. ಕೈಯಲ್ಲಿ ಹಿಡಿದು ಹಿಸುಕದಿದ್ದರೆ ಕುಟುಕುವುದು ತೀರಾ ಅಪರೂಪ. ಕೆಲವು ಜಾತಿಗಳು ಹುಲ್ಲುಹಾಸಿನ ಬೇರು ತಿನ್ನುವ ಗೊಣ್ಣೆಹುಳುಗಳನ್ನು ಹುಡುಕಿ ಅವುಗಳ ಮೇಲೆ ಮೊಟ್ಟೆ ಇಡುತ್ತವೆ. ತೋಟಕ್ಕೆ ಅದು ಉಪಕಾರವೇ. ಆದರೂ ಓಡಾಡುವ ದಾರಿಯಿಂದ ನಾಲ್ಕು ಹೆಜ್ಜೆ ಆಚೆ ನೆಟ್ಟರೆ ಎಲ್ಲರಿಗೂ ನೆಮ್ಮದಿ.

ಇದಕ್ಕೆ ಬೇಕಾದದ್ದು ಬಿಸಿಲು ಮತ್ತು ನೀರು ನಿಲ್ಲದ ನೆಲ. ಒಂದರಿಂದ ಮೂರು ಅಡಿ ಬೆಳೆಯುತ್ತದೆ. ಆಯಸ್ಸು ಕಡಿಮೆ, ಎರಡು ಮೂರು ವರ್ಷ. ಆದರೆ ಬುಡದಲ್ಲಿ ಖಾಲಿ ಮಣ್ಣು ಬಿಟ್ಟರೆ ತಾನೇ ಬೀಜ ಉದುರಿಸಿ ಮುಂದುವರಿಯುತ್ತದೆ. ದಪ್ಪಗೆ ಮರದ ಚಕ್ಕೆ ಹರಡಿದಿರೋ, ಅಲ್ಲಿಗೆ ಮುಗಿಯಿತು, ಬೀಜ ಮಣ್ಣು ಮುಟ್ಟುವುದಿಲ್ಲ. ಗಟ್ಟಿ ಜೇಡಿಮಣ್ಣಿನವರು ಇದರ ಆಸೆ ಬಿಟ್ಟು ಫಿಸ್ಟುಲೋಸಾಕ್ಕೆ ಹೋಗುವುದೇ ಲೇಸು.

ಬ್ರಾಡ್ಬರಿಯಾನಾ ಮತ್ತು ಸಿಟ್ರಿಯೋಡೋರಾ

ಬ್ರಾಡ್ಬರಿಯಾನಾ ಮಿಸೂರಿ, ಆರ್ಕನ್ಸಾ ಸುತ್ತಮುತ್ತಲ ಒಣ ಕಾಡುಗಳದ್ದು. ಒಂದರಿಂದ ಎರಡು ಅಡಿ. ಮೇ ತಿಂಗಳಲ್ಲೇ ಹೂಬಿಡುತ್ತದೆ. ಉಳಿದವು ಇನ್ನೂ ಎಲೆ ಬೆಳೆಸುತ್ತಿರುವಾಗ ಇದರ ಹೂವಿನ ಸುತ್ತ ಬಂಬಲ್‌ಬೀ ರಾಣಿಗಳು ಓಡಾಡುತ್ತಿರುತ್ತವೆ. ಅರೆ ನೆರಳು ಒಗ್ಗುತ್ತದೆ, ಹೆಚ್ಚು ಹಬ್ಬುವುದಿಲ್ಲ, ಬೂದಿ ರೋಗದ ಕಾಟವೂ ಕಡಿಮೆ. ಚಿಕ್ಕ ತೋಟದವರಿಗೆ ಇದಕ್ಕಿಂತ ಸಾಧು ಗಿಡ ಈ ಕುಲದಲ್ಲಿಲ್ಲ.

ಸಿಟ್ರಿಯೋಡೋರಾ ಒಂದೇ ವರ್ಷದ ಗಿಡ. ಟೆಕ್ಸಾಸ್ ಕಡೆಯವರಿಗೆ ಸರಿ. ಅಲ್ಲಿ ಶರತ್ಕಾಲದಲ್ಲಿ ಬಿತ್ತಿದರೆ ಮೇ ಹೊತ್ತಿಗೆ ಹೂವು.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇಷ್ಟು ಓದಿ ಹುಮ್ಮಸ್ಸಿನಲ್ಲಿದ್ದರೆ ಕ್ಷಮಿಸಿ, ಇಲ್ಲಿ ಹೇಳಿದ ಮೊನಾರ್ಡಾಗಳು ನಿಮ್ಮ ನೆಲದವಲ್ಲ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ನಿಮ್ಮ ಹವೆಗೆ ಅದರ ಹತ್ತಿರದ ನೆಂಟ ಮೊನಾರ್ಡೆಲ್ಲಾ ವಿಲೋಸಾ ಸರಿಯಾದ ಗಿಡ. ಪುದೀನದ ಘಮ, ನೇರಳೆ ಹೂವು, ನೀರಿನ ಹಂಗು ಕಡಿಮೆ. ಜೇನ್ನೊಣ, ಚಿಟ್ಟೆ ಎರಡೂ ಬರುತ್ತವೆ.

ಮೂಲ ಗಿಡವೋ, ತಳಿಯೋ

ನರ್ಸರಿಯಲ್ಲಿ ಸಿಗುವ ಬಹುಪಾಲು ಬೀ ಬಾಮ್‌ಗಳು ಆರಿಸಿ ಬೆಳೆಸಿದ ತಳಿಗಳು. ಚೀಟಿಯಲ್ಲಿ ಗಿಡದ ಹೆಸರಿನ ಜೊತೆ ಉದ್ಧರಣ ಚಿಹ್ನೆಯಲ್ಲಿ ಇನ್ನೊಂದು ಹೆಸರಿದ್ದರೆ ಅದು ತಳಿ. ಇವನ್ನು ಹೆಚ್ಚಾಗಿ ಬುಡ ಸೀಳಿಯೋ ಕಡ್ಡಿ ಊರಿಯೋ ಬೆಳೆಸುತ್ತಾರೆ. ಹಾಗೆ ಬೆಳೆಸಿದರೆ ಒಂದು ತಳಿಯ ನೂರು ಗಿಡವೂ ಒಂದೇ ಗಿಡದ ತುಂಡುಗಳು. ಬೀಜದಿಂದ ಬಂದ ಗಿಡಗಳಲ್ಲಿ ಒಂದು ಬೇಗ ಹೂಬಿಡುತ್ತದೆ, ಒಂದು ತಡ ಮಾಡುತ್ತದೆ, ಒಂದು ರೋಗ ತಡೆಯುತ್ತದೆ. ಹುಲ್ಲುಗಾವಲು ಮಾಡುವವರಿಗೆ ಈ ವೈವಿಧ್ಯವೇ ಬೇಕಾದದ್ದು.

ಹಾಗಂತ ತಳಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಡೆಲವೇರ್‌ನ ಮೌಂಟ್ ಕ್ಯೂಬಾ ಸೆಂಟರ್ ಅನ್ನೋ ಸಸ್ಯೋದ್ಯಾನ ಹತ್ತಾರು ಮೊನಾರ್ಡಾಗಳನ್ನು ಪಕ್ಕಪಕ್ಕ ಬೆಳೆಸಿ, ರೋಗ ಎಷ್ಟು, ಯಾರು ಯಾರು ಬರುತ್ತಾರೆ ಅಂತ ಲೆಕ್ಕ ಇಟ್ಟಿತು. ಹಮ್ಮಿಂಗ್‌ಬರ್ಡ್‌ಗಳನ್ನು ಸೆಳೆಯುವುದರಲ್ಲಿ ‘ಜೇಕಬ್ ಕ್ಲೈನ್’ ಅನ್ನೋ ಕೆಂಪು ತಳಿ ಮುಂದಿತ್ತು, ಬೂದಿ ರೋಗವನ್ನೂ ಚೆನ್ನಾಗಿ ತಡೆಯಿತು. ಫಿಸ್ಟುಲೋಸಾದ ‘ಕ್ಲೇರ್ ಗ್ರೇಸ್’ ಕೂಡ ಒಳ್ಳೆಯ ಹೆಸರು ಪಡೆಯಿತು. ಮನೆ ಮುಂದೆ ಒಂದೆರಡು ಗಿಡ ಅಚ್ಚುಕಟ್ಟಾಗಿ ಇರಬೇಕು ಅಂದರೆ ಇಂಥವು ಸರಿ. ದೊಡ್ಡ ಜಾಗಕ್ಕೆ ಮೂಲ ಗಿಡವೇ ಬೇಕು, ಸಾಧ್ಯವಾದರೆ ನಿಮ್ಮ ರಾಜ್ಯದಲ್ಲೇ ಬೆಳೆದ ಬೀಜ.

ಬೀಜವೋ, ಸಸಿಯೋ

ಫಿಸ್ಟುಲೋಸಾ ಬೀಜ ಎಷ್ಟು ಚಿಕ್ಕದೆಂದರೆ ಒಂದು ಔನ್ಸಿಗೆ ಸುಮಾರು 70,000 ಬರುತ್ತವೆ. ಇದನ್ನು ಮಣ್ಣಿನಲ್ಲಿ ಹೂಳಬಾರದು. ಒದ್ದೆ ಮರಳಿನ ಜೊತೆ ಕಲಸಿ, ತೆರೆದ ಮಣ್ಣಿನ ಮೇಲೆ ಎರಚಿ, ಕಾಲಲ್ಲಿ ತುಳಿದು ಬಿಡಿ. ಹಲವು ಪ್ರೇರಿ ಹೂಗಳ ಬೀಜಕ್ಕೆ ಮೊಳೆಯುವ ಮುಂಚೆ ತಿಂಗಳುಗಟ್ಟಲೆ ಚಳಿ ತೋರಿಸಬೇಕು. ಇದಕ್ಕೆ ಅದು ಬೇಕಿಲ್ಲ. ಚಳಿಗಾಲದ ಮುಂಚೆ ಎರಚಿದರೂ ವಸಂತದಲ್ಲಿ ಎರಚಿದರೂ ಬರುತ್ತದೆ.

ಆದರೆ ಹುಲ್ಲಿನ ಮೇಲೆ ಎರಚಿದರೆ ಒಂದೂ ಬರುವುದಿಲ್ಲ. ಮೊದಲು ಹುಲ್ಲು ಹೋಗಬೇಕು. ರಟ್ಟು ಹಾಸಿಯೋ, ಬೇಸಿಗೆಯಿಡೀ ಪ್ಲಾಸ್ಟಿಕ್ ಹೊದಿಸಿಯೋ ಅದನ್ನು ಸಾಯಿಸಿ. ಹುಲ್ಲುಗಾವಲು ಕೈಕೊಡುವುದು ಹೆಚ್ಚಾಗಿ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟಾಗಲೇ. ಬೀಜ ಹಾಕಿದ ಮೊದಲ ವರ್ಷ ಬರೀ ಎಲೆ. ಕಳೆ ಎತ್ತರಕ್ಕೆ ಬಂದರೆ ಕೀಳಬೇಡಿ, ಎಳೆಯ ಸಸಿಗಳೂ ಜೊತೆಗೆ ಬಂದುಬಿಡುತ್ತವೆ. ಆರು ಅಂಗುಲದ ಮಟ್ಟಕ್ಕೆ ಕತ್ತರಿಸಿ ಸಾಕು. ಎರಡನೇ ವರ್ಷ ಹೂವು. ಅಷ್ಟು ಕಾಯುವ ತಾಳ್ಮೆ ಇಲ್ಲ, ಜಾಗವೂ ಚಿಕ್ಕದು ಅಂದರೆ ಸಸಿ ತನ್ನಿ. ಒಂದೂವರೆಯಿಂದ ಎರಡು ಅಡಿಗೆ ಒಂದರಂತೆ ನೆಡಿ. ಒಂದೇ ಒಂದು ಗಿಡ ಬೇಡ, ಕನಿಷ್ಠ ಐದಾರು ಒಟ್ಟಿಗಿರಲಿ. ನೊಣಗಳು ಗುಂಪಾಗಿರುವ ಹೂವನ್ನೇ ಹುಡುಕುತ್ತವೆ, ಒಂದೇ ಕಡೆ ಹೊಟ್ಟೆ ತುಂಬಿದರೆ ಅವುಗಳ ಹಾರಾಟ ಉಳಿಯುತ್ತದೆ.

ಸಸಿ ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಹಾಕಿದ್ದೀರಾ? ಅದು ಗಿಡದ ಒಳಗೇ ಸೇರಿ ಪರಾಗಕ್ಕೂ ಮಕರಂದಕ್ಕೂ ಇಳಿಯುತ್ತದೆ. ಜೇನ್ನೊಣಕ್ಕೆ ಅಂತ ತಂದ ಗಿಡವೇ ಅದಕ್ಕೆ ವಿಷ ಉಣಿಸುವುದು ಎಂಥ ಅನ್ಯಾಯ, ಅಲ್ವಾ? ಸರಿಯಾದ ಉತ್ತರ ಬರದಿದ್ದರೆ ಆ ಅಂಗಡಿ ಬಿಟ್ಟುಬಿಡಿ.

ಬೂದಿ ರೋಗಕ್ಕೆ ಹೆದರಬೇಕೇ

ಮೊನಾರ್ಡಾ ಅಂದ ತಕ್ಷಣ ತೋಟದವರು ಎತ್ತುವ ದೂರು ಇದೇ. ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಪದರ. ನೋಡೋಕೆ ಚೆನ್ನಾಗಿರುವುದಿಲ್ಲ, ಆದರೆ ಗಿಡ ಸಾಮಾನ್ಯವಾಗಿ ಸಾಯುವುದಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತದೆ. ಬೇರು ಒಣಗಿದಾಗ ಮತ್ತು ಗಾಳಿ ಆಡದಷ್ಟು ಒತ್ತಾಗಿ ಬೆಳೆದಾಗ ರೋಗ ಜಾಸ್ತಿ. ಆದ್ದರಿಂದ ಹಳೆಯ ಬುಡಗಳಲ್ಲಿ ಮೂರಕ್ಕೊಂದು ಕಾಂಡವನ್ನು ವಸಂತದಲ್ಲೇ ತೆಗೆದುಬಿಡಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಬುಡ ಅಗೆದು ಸೀಳಿ, ಸತ್ತ ನಡುಭಾಗ ಎಸೆದು ಅಂಚಿನ ಚಿಗುರನ್ನು ಮತ್ತೆ ನೆಡಿ. ಗಿಡದ ಮುಂಭಾಗದಲ್ಲಿ ಗಿಡ್ಡ ಹುಲ್ಲುಗಳನ್ನೋ ಎಕಿನೇಶಿಯಾ ಹೂಗಿಡವನ್ನೋ ನೆಟ್ಟರೆ ಬೆಳ್ಳಗಾದ ಕೆಳಗಿನ ಎಲೆ ಕಣ್ಣಿಗೇ ಬೀಳುವುದಿಲ್ಲ. ಔಷಧಿ ಹೊಡೆಯಬೇಡಿ. ಹೂವಿನ ಮೇಲೆ ನೊಣಗಳು ಕೂತಿರುವ ಗಿಡ ಅದು.

ಹೂವು ಮುಗಿದ ಮೇಲೆ ಕಾಂಡ ಕಡಿದು ಗುಡ್ಡೆ ಹಾಕುವ ಆತುರವೂ ಬೇಡ. ಚಳಿಗಾಲವಿಡೀ ಒಣ ಗೊಂಚಲುಗಳಲ್ಲಿ ಗೋಲ್ಡ್‌ಫಿಂಚ್‌ನಂಥ ಹಕ್ಕಿಗಳು ಬೀಜ ಹೆಕ್ಕುತ್ತವೆ. ವಸಂತದಲ್ಲಿ ಕಡಿಯುವಾಗ ಬುಡದಿಂದ ಕಡಿಯದೆ ಒಂದರಿಂದ ಒಂದೂವರೆ ಅಡಿ ಮೋಟು ಬಿಡಿ. ಪುಟ್ಟ ಬಡಗಿ ಜೇನ್ನೊಣಗಳು ಇಂಥ ಕಾಂಡಗಳ ಕಡಿದ ತುದಿಯಿಂದ ಒಳಗಿಳಿದು, ಪರಾಗದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಗೋಡೆ ಕಟ್ಟಿ, ಮತ್ತೆ ಮುಂದಿನ ಕೋಣೆಗೆ ಶುರು ಮಾಡುತ್ತವೆ. ಆ ಮೋಟುಗಳನ್ನು ಮುಂದಿನ ವರ್ಷವೂ ಕೀಳಬೇಡಿ. ಬೇಸಿಗೆಯಲ್ಲಿ ಹೊಸ ಚಿಗುರು ಅವನ್ನು ಮರೆಮಾಡುತ್ತದೆ, ಆಮೇಲೆ ಅವು ತಾವೇ ಪುಡಿಯಾಗಿ ಮಣ್ಣಿಗೆ ಸೇರುತ್ತವೆ.